ನೆಗೆಟಿವ್ ಚೆನ್ನಾಗಿದೆ, ಪ್ರಿಂಟ್ ಯಾಕೆ ಮಂಕು?

ಫಿಲ್ಮ್ ಫೋಟೊ ಪ್ರಿಂಟಾಗಿ ಕೈಗೆ ಬಂದಾಗ ಮಂಕಾಗಿದ್ದರೆ ಎಲ್ಲರೂ ಮೊದಲು ದೂರುವುದು ಕ್ಯಾಮೆರಾವನ್ನು. ಎಷ್ಟೋ ಸಲ ನೆಗೆಟಿವ್‌ನಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಕೆಡುವುದು ಸ್ಕ್ಯಾನ್ ಮಾಡುವಾಗ, ಇಲ್ಲವೇ ಲ್ಯಾಬ್‌ನವರಿಗೆ ಹೇಳಬೇಕಾದ್ದನ್ನು ಹೇಳದೆ ಬಿಟ್ಟಾಗ.

ಹಾಗಾಗಿ ಹಳೆಯ ಪ್ರಿಂಟ್ ನೋಡಿ ಫೋಟೊ ಆರಿಸಬೇಡಿ, ನೆಗೆಟಿವನ್ನೇ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ನೆಗೆಟಿವ್‌ನಲ್ಲಿ ಬೆಳಕು-ಕತ್ತಲು ಅದಲುಬದಲಾಗಿರುವುದರಿಂದ ನೆರಳಿನ ಜಾಗ ತಿಳಿಯಾಗಿ ಕಾಣುತ್ತದೆ. ಅಲ್ಲಿ ತೆಳುವಾಗಿಯಾದರೂ ಗೆರೆ, ಆಕಾರ ಕಂಡರೆ ಪ್ರಿಂಟಿನಲ್ಲೂ ತರಬಹುದು. ಏನೂ ಇಲ್ಲದೆ ಖಾಲಿಯಾಗಿದ್ದರೆ ಯಾವ ಲ್ಯಾಬ್‌ನಿಂದಲೂ ಆಗದು.

ಧೂಳು ತೆಗೆಯಿರಿ

ಫಿಲ್ಮನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಕಿ. ಬಾಯಿಂದ ಊದಿದರೆ ಎಂಜಲಿನ ಹನಿ ಬಿದ್ದು ಕಲೆ ಉಳಿಯುತ್ತದೆ. 35 ಮಿ.ಮೀ. ಫಿಲ್ಮ್‌ನ ಚೌಕಟ್ಟು 24×36 ಮಿ.ಮೀ. ಮಾತ್ರ. ಅದನ್ನು 8×12 ಇಂಚಿಗೆ ಹಿಗ್ಗಿಸಿದರೆ ಸುಮಾರು ಎಂಟೂವರೆ ಪಟ್ಟು. ಆಕಾಶದ ಮೇಲೆ ಕೂತ 3 ಮಿ.ಮೀ. ಎಳೆಯೊಂದು ಪ್ರಿಂಟಿನಲ್ಲಿ ಒಂದು ಇಂಚಿನ ಬಿಳಿ ಗೀರಾಗುತ್ತದೆ.

ಸ್ಕ್ಯಾನರ್‌ನ ಇನ್‌ಫ್ರಾರೆಡ್ ಧೂಳು ನಿವಾರಣೆ ಕಲರ್ ನೆಗೆಟಿವ್‌ಗೆ ಒಳ್ಳೆಯದು. ಸಾಂಪ್ರದಾಯಿಕ ಕಪ್ಪು-ಬಿಳುಪು ಫಿಲ್ಮ್‌ಗೆ ಅದನ್ನು ಆಫ್ ಮಾಡಿ: ಅಲ್ಲಿನ ಬೆಳ್ಳಿಯ ಕಣಗಳೇ ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದರಿಂದ ಯಂತ್ರ ಚಿತ್ರವನ್ನೇ ಧೂಳೆಂದು ಅಳಿಸಹೋಗುತ್ತದೆ.

ಸ್ಕ್ಯಾನ್

8×12 ಇಂಚಿನ ಪ್ರಿಂಟಿಗೆ 300 ಡಿಪಿಐ (ಇಂಚೊಂದಕ್ಕೆ 300 ಚುಕ್ಕಿ) ಲೆಕ್ಕದಲ್ಲಿ 2400×3600 ಪಿಕ್ಸೆಲ್ ಬೇಕು. 35 ಮಿ.ಮೀ. ಫಿಲ್ಮನ್ನು 3600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 3400×5100 ಸಿಗುತ್ತದೆ, ಧಾರಾಳವಾಯಿತು. ಫ್ಲಾಟ್‌ಬೆಡ್ ಸ್ಕ್ಯಾನರ್‌ನ ಡಬ್ಬದ ಮೇಲಿನ ಡಿಪಿಐ ಅಂಕಿಯನ್ನು ನಂಬಿ ಕೂರಬೇಡಿ. ಲೆನ್ಸ್ ನಿಜವಾಗಿ ಹಿಡಿಯುವ ವಿವರ ಅದಕ್ಕಿಂತ ಬಹಳ ಕಡಿಮೆ. ಬೆಳಕು-ನೆರಳಿನ ವಿವರ ಹೆಚ್ಚು ಉಳಿಯುವ 16 ಬಿಟ್ ಟಿಫ್ ಫೈಲ್ ಕೇಳಿ ಪಡೆಯಿರಿ. ಫೋಟೊ ಎಡಬಲ ತಿರುಗಿದ್ದರೆ ಫಿಲ್ಮ್ ಮಗುಚಿ ಹೋಗಿದೆ ಎಂದರ್ಥ. ಹೊಳೆಯುವ ಬದಿಯಿಂದ ನೋಡಿದಾಗ ಅಂಚಿನ ಅಂಕಿ ನೆಟ್ಟಗೆ ಓದಿಸಿಕೊಳ್ಳಬೇಕು.

ಅಳತೆಯಲ್ಲೂ ಎಚ್ಚರ. 4×6, 8×12 ಇಂಚಿನಲ್ಲಿ ಇಡೀ ಚೌಕಟ್ಟು ಹಿಡಿಸುತ್ತದೆ. 8×10 ಕೇಳಿದರೆ ಉದ್ದದಲ್ಲಿ ಎರಡು ಇಂಚು ಕತ್ತರಿಗೆ ಹೋಗುತ್ತದೆ. ಎಲ್ಲಿ ಕತ್ತರಿಸಬೇಕೆಂದು ನೀವೇ ತೀರ್ಮಾನಿಸಿ ಕಳಿಸಿ.

ಲ್ಯಾಬ್‌ನಲ್ಲಿ

‘ಆಟೊ ಕರೆಕ್ಷನ್ ಬೇಡ’ ಎಂದು ಬರೆದೇ ಕೊಡಿ. ಅದು ಸಂಜೆಯ ಕೆಂಪನ್ನು ದೋಷವೆಂದು ತಿದ್ದುತ್ತದೆ, ಕತ್ತಲ ಕೋಣೆಯನ್ನು ಬೂದು ಮಾಡುತ್ತದೆ. ಕಪ್ಪು-ಬಿಳುಪು ಫೋಟೊವನ್ನು ಕಲರ್ ಪೇಪರಿನಲ್ಲಿ ಮುದ್ರಿಸಿದರೆ ತುಸು ಹಸಿರೋ ನೇರಳೆಯೋ ಇಣುಕುವುದುಂಟು. ಮನಸ್ಸಿಗೆ ಹತ್ತಿರದ ಚಿತ್ರವಾದರೆ ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರ್‌ನಿಂದ (ನೆಗೆಟಿವ್ ಮೂಲಕ ಬೆಳಕು ಹಾಯಿಸಿ ಚಿತ್ರ ಹಿಗ್ಗಿಸುವ ಯಂತ್ರ) ಬೆಳ್ಳಿ ಲೇಪದ ಪೇಪರಿಗೆ ಹಾಕಿಸಿ. ಆ ಕಪ್ಪಿನ ಆಳವೇ ಬೇರೆ.

ದೊಡ್ಡ ಪ್ರಿಂಟಿಗೆ ಮುಂಚೆ ಟೆಸ್ಟ್ ಮಾಡಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಮಾನಿಟರ್ ತಾನೇ ಬೆಳಗುತ್ತದೆ, ಪೇಪರ್ ಬೆಳಗುವುದಿಲ್ಲ. ಅದರಿಂದಲೇ ಸ್ಕ್ರೀನಿನಲ್ಲಿ ಸರಿ ಕಂಡದ್ದು ಪ್ರಿಂಟಿನಲ್ಲಿ ಕಪ್ಪಿಡುತ್ತದೆ. ಮುಖದಂಥ ಮುಖ್ಯ ಭಾಗವೊಂದನ್ನು ಆರಿಸಿ, ಇದ್ದಂತೆಯೇ ಒಂದು, ಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಬೆಳಕು ಹೆಚ್ಚಿಸಿ ಒಂದು, ಅರ್ಧ ಸ್ಟಾಪ್ ಹೆಚ್ಚಿಸಿ ಇನ್ನೊಂದು, ಹೀಗೆ ಪಟ್ಟಿಗಳಾಗಿ ಒಂದೇ ಹಾಳೆಯಲ್ಲಿ ಜೋಡಿಸಿ. ಕೊನೆಗೆ ಬಳಸುವ ಪೇಪರಿನಲ್ಲೇ ಮುದ್ರಿಸಿ. ಹೊಳಪಿನ ಗ್ಲಾಸಿಯಲ್ಲಿ ಟೆಸ್ಟ್ ಮಾಡಿ ಹೊಳಪಿಲ್ಲದ ಮ್ಯಾಟ್‌ನಲ್ಲಿ ಪ್ರಿಂಟ್ ತೆಗೆದರೆ ಕಪ್ಪು ಪೇಲವವಾಗುತ್ತದೆ. ಹಾಳೆಯನ್ನು ಹಗಲಲ್ಲಿ ಕಿಟಕಿಯ ಪಕ್ಕ ಹಿಡಿದು, ಆಮೇಲೆ ಫೋಟೊ ತೂಗುಹಾಕುವ ಗೋಡೆಯ ಬಳಿಯೂ ನೋಡಿ. ಡಾರ್ಕ್‌ರೂಮ್ ಪ್ರಿಂಟ್ ಒಣಗಿದ ಮೇಲೆ ಇನ್ನಷ್ಟು ಗಾಢವಾಗುವುದರಿಂದ ಒದ್ದೆಯಿದ್ದಾಗ ತೀರ್ಪು ಕೊಡಬೇಡಿ. ಇಂಕ್‌ಜೆಟ್ ಪ್ರಿಂಟನ್ನು ಕನಿಷ್ಠ ಒಂದು ದಿನ ಆರಲು ಬಿಟ್ಟು ಗಾಜು ಹಾಕಿಸಿ.

ಯಾವ ಪಟ್ಟಿ ಒಪ್ಪಿಗೆಯಾಯಿತೋ ಅದರ ತಿದ್ದುಪಡಿ, ಪೇಪರ್, ಫಿಲ್ಮ್‌ನ ಅಂಚಿನಲ್ಲಿರುವ ಚೌಕಟ್ಟಿನ ಸಂಖ್ಯೆ ಇಷ್ಟನ್ನೂ ನೆಗೆಟಿವ್ ಇಡುವ ಕವರಿನ ಮೇಲೆ ಬರೆದಿಡಿ. ಕವರ್ ಪಿವಿಸಿಯದಾಗಿರದಿರಲಿ, ಪಾಲಿಪ್ರೊಪಿಲೀನ್ ಆಗಿರಲಿ.