ತೂಕ ಇಳಿದ ಮೊಲ: ತೊಂದರೆ ಇದ್ದದ್ದು ಹಲ್ಲಿನಲ್ಲಿ

ನಮ್ಮ ಮನೆಯ 4 ವರ್ಷದ ಮೊಲದ ಬೆನ್ನೆಲುಬು ಸವರುವ ಕೈಗೆ ಚುಚ್ಚತೊಡಗಿದಾಗ ತೂಗಿ ನೋಡಿದೆ, 1.8 ಕಿಲೋ ಇದ್ದದ್ದು 1.4ಕ್ಕೆ ಇಳಿದಿತ್ತು. ಗಾಬರಿಯಿಂದ ಕಾಳು, ಬಾಳೆಹಣ್ಣು ಹೆಚ್ಚಿಸಿದ್ದು ನನ್ನ ತಪ್ಪು, ಏಕೆಂದರೆ ಪಿಷ್ಟ ಮತ್ತು ಸಕ್ಕರೆ ಹೆಚ್ಚಾದರೆ ಮೊಲದ ಕರುಳು ಕೆಡುತ್ತದೆ; ಹಿಕ್ಕೆ ಮೆತ್ತಗಾಯಿತು. ಅದು ಹುಲ್ಲನ್ನು ಆಸೆಯಿಂದ ಬಾಯಿಗೆಳೆದುಕೊಂಡು, ಎರಡು ಸಲ ಅಗಿದು, ಒದ್ದೆ ಎಳೆಗಳನ್ನು ಹಾಗೆಯೇ ಉದುರಿಸುವುದನ್ನು ಕಂಡ ಮೇಲೆಯೇ ಪಶುವೈದ್ಯರಲ್ಲಿಗೆ ಒಯ್ದೆ. ಮೊಲಕ್ಕೆ ಹಲ್ಲು ಜೀವನಪರ್ಯಂತ ಬೆಳೆಯುತ್ತದೆ. ದವಡೆ ಹಲ್ಲೊಂದರ ಚೂಪಾದ ಅಂಚು ನಾಲಿಗೆಯನ್ನು ಗಾಯಗೊಳಿಸಿತ್ತು. ಅರಿವಳಿಕೆ ಕೊಟ್ಟು ಅದನ್ನು ಉಜ್ಜಿ ಸಮ ಮಾಡಿದರು. ಆನಂತರ ಒಣಹುಲ್ಲನ್ನು ಹಗಲಿರುಳೂ ಮುಂದಿಟ್ಟು, ಸುಣ್ಣದಂಶ ಹೆಚ್ಚಿರುವ ಕುದುರೆ ಮಸಾಲೆ (ಲೂಸರ್ನ್ ಎಂಬ ಮೇವು) ಹುಲ್ಲನ್ನು ತೂಕ ಮರಳುವವರೆಗೆ ಮಾತ್ರ ದಿನಕ್ಕೊಂದು ಹಿಡಿ ಕೊಟ್ಟೆ. 7 ವಾರಗಳಲ್ಲಿ ತೂಕ 1.7 ಕಿಲೋ ಮುಟ್ಟಿತು. ಈಗಲೂ ಪ್ರತಿ ಭಾನುವಾರ ತೂಗಿ ಬರೆದಿಡುತ್ತೇನೆ.