ಮೆಕ್ಕೆಜೋಳ: ಮೊದಲು ಗಿಡ ಎಣಿಸಿ, ಆಮೇಲೆ ಗೊಬ್ಬರ ತನ್ನಿ

ಇಳುವರಿ ಕೈಕೊಟ್ಟಾಗ ಮೊದಲು ನೆನಪಾಗುವುದು ಯೂರಿಯಾ. ಮುಂದಿನ ಸಲ ಇನ್ನೊಂದು ಚೀಲ ಜಾಸ್ತಿ ಹಾಕಿದರಾಯ್ತು ಅಂದುಕೊಳ್ಳುತ್ತೇವೆ. ಎಕರೆಗೆ ಎಷ್ಟು ಗಿಡ ನಿಂತಿದ್ದವು ಅಂತ ಕೇಳಿದರೆ ಮಾತ್ರ, ಊರ ತುಂಬ ಮೆಕ್ಕೆಜೋಳ ಬೆಳೆಯುವ ದಾವಣಗೆರೆ, ಹಾವೇರಿ ಸೀಮೆಯಲ್ಲೂ ಥಟ್ಟನೆ ಉತ್ತರ ಸಿಗುವುದು ಕಷ್ಟ. ಗೊಬ್ಬರದ ಲೆಕ್ಕ ಶುರುವಾಗಬೇಕಾದ್ದು ಅಲ್ಲಿಂದಲೇ.

ಅಂತರ ಎಷ್ಟಿರಲಿ?

ಸಾಲಿನಿಂದ ಸಾಲಿಗೆ 60 ಸೆಂ.ಮೀ. ಇಟ್ಟು, ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಬಿಟ್ಟರೆ ಎಕರೆಗೆ ಸುಮಾರು 22 ಸಾವಿರ ಗಿಡ. 20 ಸೆಂ.ಮೀ. ಬಿಟ್ಟರೆ 33 ಸಾವಿರ. ಹಾಗಾದರೆ ಒತ್ತಾಗಿ ಬಿತ್ತುವುದೇ ಲಾಭ ಅಲ್ವಾ? ನೀರಿದ್ದರೆ ಹೌದು.

ಗಿಡಕ್ಕೊಂದು ತೆನೆ, ತೆನೆಗೆ 400 ಕಾಳು, ಕಾಳಿಗೆ ಕಾಲು ಗ್ರಾಂ ಅಂತ ಹಿಡಿಯೋಣ. 22 ಸಾವಿರ ಗಿಡಕ್ಕೆ 22 ಕ್ವಿಂಟಲ್, 33 ಸಾವಿರಕ್ಕೆ 33 ಕ್ವಿಂಟಲ್ ಆಗುತ್ತದೆ. ಆದರೆ ಒತ್ತಾದ ಹೊಲದಲ್ಲಿ ನೀರು, ಸಾರಜನಕ ಸಾಲದೆ ಕಾಳು 250ಕ್ಕೆ ಇಳಿದರೆ, ಅದೇ 33 ಸಾವಿರ ಗಿಡ ಕೊಡುವುದು 21 ಕ್ವಿಂಟಲ್ ಕೂಡ ಇಲ್ಲ. ಬೀಜ, ಗೊಬ್ಬರದ ಖರ್ಚು ಮಾತ್ರ ಜಾಸ್ತಿ. ಅದಕ್ಕೇ ಮಳೆ ನಂಬಿದ ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ 30 ಸೆಂ.ಮೀ. ಸಾಕು. ನೀರಾವರಿ ಇದ್ದರೆ 20ಕ್ಕೆ ಇಳಿಯಬಹುದು.

ತೀರಾ ತೆಳುವಾದರೂ ನಷ್ಟವೇ. ರಾಗಿ, ಭತ್ತದ ಹಾಗೆ ಮೆಕ್ಕೆಜೋಳ ಬುಡದಲ್ಲಿ ತೆಂಡೆ (ಪಕ್ಕದ ಕವಲು) ಒಡೆದು ಖಾಲಿ ಜಾಗ ತುಂಬುವುದಿಲ್ಲ.

ಬಿತ್ತಿದ ಹದಿನೈದನೇ ದಿನ ಹೊಲಕ್ಕಿಳಿಯಿರಿ

ಕೈಯಲ್ಲಿ 22 ಅಡಿ ಹಗ್ಗ ಇರಲಿ. ಅದನ್ನು ಒಂದು ಸಾಲಿನ ಗುಂಟ ಹಿಡಿದು ಗಿಡ ಎಣಿಸಿ, ಸಾವಿರದಿಂದ ಗುಣಿಸಿ. ಎಕರೆಗೆ ಎಷ್ಟು ಗಿಡ ಅಂತ ಗೊತ್ತಾಗುತ್ತದೆ. (ಸಾಲಿನ ಅಂತರ 60 ಸೆಂ.ಮೀ. ಇದ್ದರೆ ಮಾತ್ರ ಈ ಲೆಕ್ಕ ಸರಿ.) ಐದಾರು ಕಡೆ ಎಣಿಸಿ ಸರಾಸರಿ ತೆಗೆಯಿರಿ.

ಒಂದೇ ಗುಣಿಯಲ್ಲಿ ಎರಡು ಗಿಡ ಇದ್ದರೆ ಬಡಕಲಾದದ್ದನ್ನು ಕಿತ್ತುಬಿಡಿ. ಚೆನ್ನಾಗಿ ಹುಟ್ಟಿದ ಗಿಡ ಕೀಳಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಎರಡನ್ನೂ ಉಳಿಸಿದರೆ ಒಂದಕ್ಕೊಂದು ಪೈಪೋಟಿ ಕೊಟ್ಟು ಎರಡರ ತೆನೆಯೂ ಸಣ್ಣದಾಗುತ್ತದೆ. ಈ ಹೊತ್ತಿನಲ್ಲಿ ಖಾಲಿ ಜಾಗಕ್ಕೆ ಹೊಸದಾಗಿ ಬೀಜ ಊರುವುದೂ ಬೇಡ. ತಡವಾಗಿ ಹುಟ್ಟಿದ ಗಿಡ ನೆರಳಿಗೆ ಸಿಕ್ಕಿ ತೆನೆ ಕಟ್ಟುವುದೇ ಅಪರೂಪ. ಗೊಬ್ಬರದಲ್ಲಿ ಮಾತ್ರ ಪಾಲು ಕೇಳುತ್ತದೆ.

ಚೀಲದ ಲೆಕ್ಕ

ಮಳೆಯಾಶ್ರಿತ ಬೆಳೆಗೆ ಸಾಮಾನ್ಯ ಶಿಫಾರಸು ಎಕರೆಗೆ 40 ಕೆ.ಜಿ. ಸಾರಜನಕ, 20 ಕೆ.ಜಿ. ರಂಜಕ, 10 ಕೆ.ಜಿ. ಪೊಟ್ಯಾಷ್. ಅಂದರೆ 50 ಕೆ.ಜಿ.ಯ ಒಂದು ಚೀಲ ಡಿಎಪಿ (ರಂಜಕದ ಜೊತೆ ಸಾರಜನಕವೂ ಇರುವ ಗೊಬ್ಬರ), 45 ಕೆ.ಜಿ.ಯ ಒಂದೂವರೆ ಚೀಲ ಯೂರಿಯಾ, 17 ಕೆ.ಜಿ. ಎಂಒಪಿ (ಪೊಟ್ಯಾಷ್ ಗೊಬ್ಬರ). ನೀರಾವರಿಗೆ ಇದರ ಒಂದೂವರೆ ಪಟ್ಟು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ತಿಪ್ಪೆಗೊಬ್ಬರ ಬಿತ್ತನೆಗೆ ಮುಂಚೆಯೇ ಮಣ್ಣು ಸೇರಿರಬೇಕು.

ಡಿಎಪಿ, ಪೊಟ್ಯಾಷ್ ಪೂರ್ತಿ ಬಿತ್ತುವಾಗಲೇ ಹಾಕಿ. ರಂಜಕ ಮಣ್ಣಿನಲ್ಲಿ ಬಿದ್ದಲ್ಲೇ ಕೂರುವ ಗುಣದ್ದು. ಹಾಗಾಗಿ ಬೀಜದ ಪಕ್ಕದಲ್ಲಿ, ಸ್ವಲ್ಪ ಆಳಕ್ಕೆ ಬೀಳಬೇಕು. ಬೀಜಕ್ಕೆ ತಾಗಬಾರದು. ಸತುವಿನ ಸಲ್ಫೇಟ್ ಹಾಕುವುದಿದ್ದರೆ ಡಿಎಪಿ ಜೊತೆ ಬೆರೆಸದೆ ಬೇರೆಯಾಗಿಯೇ ಹಾಕಿ.

ಯೂರಿಯಾ ಎರಡು ಕಂತು. ಮೊದಲನೆಯದು ಗಿಡ ಮೊಣಕಾಲೆತ್ತರ ಬಂದಾಗ, ಎರಡನೆಯದು ಸೂಲಂಗಿ (ಗಿಡದ ತುದಿಯ ಹೂ) ಕಾಣುವ ಸ್ವಲ್ಪ ಮುಂಚೆ. ಮಣ್ಣು ಹಸಿಯಾಗಿರುವಾಗ ಹಾಕಿ, ಕೂಡಲೇ ಸಾಲಿನ ನಡುವೆ ಎಡೆಕುಂಟೆ ಹೊಡೆದು ಮುಚ್ಚಿ. ಮೇಲೆ ಸುಮ್ನೆ ಎರಚಿ ಬಂದರೆ ಸಾರಜನಕ ಗಾಳಿಗೆ ಹೋಗುತ್ತದೆ. ಮಳೆ ಕೈಕೊಟ್ಟು ಹೊಲ ಒಣಗಿದ್ದರೆ ಎರಡನೇ ಕಂತು ತಡೆಹಿಡಿಯಿರಿ. ಹಗ್ಗದ ಲೆಕ್ಕದಲ್ಲಿ ಗಿಡ 15 ಸಾವಿರವೇ ಬಂದಿದ್ದರೆ ಪೂರ್ತಿ ಒಂದೂವರೆ ಚೀಲ ಬೇಕಾಗಿಲ್ಲ.

ಎಲೆ, ತೆನೆ ನೋಡಿ ತಿಳಿಯುವುದು

ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾದರೆ ಸಾರಜನಕದ ಕೊರತೆ. ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷ್. ಎಳೆ ಎಲೆಯಲ್ಲಿ ಬಿಳಿ ಪಟ್ಟಿ ಕಂಡರೆ ಸತು.

ತೆನೆ ಮುರಿಯುವಾಗ ಹೊಲದ ಐದಾರು ಕಡೆ ಸಿಪ್ಪೆ ಬಿಚ್ಚಿ ನೋಡಿ. ಎಲ್ಲ ತೆನೆಯೂ ತುದಿತನಕ ತುಂಬಿದ್ದರೆ ಮುಂದಿನ ಮುಂಗಾರಿಗೆ ಅಂತರ ತುಸು ಕಡಿಮೆ ಮಾಡಬಹುದು. ತುದಿ ಎರಡು ಬೆರಳಷ್ಟು ಬೋಳಾಗಿದ್ದರೆ, ತೆನೆಯೇ ಇಲ್ಲದ ಗಿಡಗಳೂ ಅಲ್ಲಲ್ಲಿ ಇದ್ದರೆ, ಆ ಗಿಡಗಳಿಗೆ ನೀರೋ ಸಾರಜನಕವೋ ಸಾಲಲಿಲ್ಲ ಅಂತ. ನೀರು ಇರುವಷ್ಟೇ ಅಂತಾದರೆ ಮುಂದಿನ ಸಲ ಅಂತರ 30 ಸೆಂ.ಮೀ.ಗೆ ಹಿಗ್ಗಿಸಿ.