ಉಸಿರು ನಿಧಾನವಾಗಲಿ, ಆಳ ಬೇಡ: ಎಫ್‌ಎನ್‌ಡಿಗೆ ಹೃದಯ ಬಡಿತದ ಬಯೋಫೀಡ್‌ಬ್ಯಾಕ್

ಫಿಟ್ಸ್‌ನಂತೆ ಕಾಣುವ ಸೆಳೆತ, ನಡುಕ, ಇದ್ದಕ್ಕಿದ್ದಂತೆ ಸೋಲುವ ಕಾಲು. ಮಿದುಳಿನ ಕಾರ್ಯ ಹಳಿ ತಪ್ಪಿ ಬರುವ ಇಂಥ ತೊಂದರೆಗಳೇ ಫಂಕ್ಷನಲ್ ನ್ಯೂರಾಲಜಿಕಲ್ ಡಿಸಾರ್ಡರ್, ಅಂದರೆ ಎಫ್‌ಎನ್‌ಡಿ. ಇದು ನಟನೆಯಲ್ಲ. ಬಯೋಫೀಡ್‌ಬ್ಯಾಕ್ ಎಂದರೆ ನಿಮ್ಮ ಹೃದಯ ಬಡಿತವನ್ನು ಪರದೆಯ ಮೇಲೆ ನೋಡುತ್ತ ಉಸಿರನ್ನು ಹದಗೊಳಿಸುವುದು. ಎಫ್‌ಎನ್‌ಡಿಗೆ ಇದು ಪೂರಕ ಅಭ್ಯಾಸ ಅಷ್ಟೇ, ಪುರಾವೆಯೂ ಇನ್ನೂ ಸಣ್ಣ ಅಧ್ಯಯನಗಳದ್ದು. ನರರೋಗ ತಜ್ಞರು ಕಾಯಿಲೆ ಖಚಿತಪಡಿಸಿದ ಮೇಲೆ, ಫಿಸಿಯೋಥೆರಪಿ ಮತ್ತು ಮನೋಚಿಕಿತ್ಸೆಯ ಜೊತೆಗೇ ಮಾಡಿ.

1. ಬಡಿತ ಅಳೆಯಲು ಎದೆಗೆ ಕಟ್ಟುವ ಪಟ್ಟಿ ತೆಗೆದುಕೊಂಡು, ಬಡಿತದ ಗ್ರಾಫ್ ತೋರಿಸುವ ಫೋನ್ ಆ್ಯಪ್‌ಗೆ ಜೋಡಿಸಿ. ಎರಡು ಬಡಿತಗಳ ನಡುವಿನ ಅಂತರವನ್ನು ಪಟ್ಟಿ ಒಂದೊಂದಾಗಿ ಅಳೆಯುತ್ತದೆ. ಹೆಚ್ಚಿನ ಕೈಗಡಿಯಾರಗಳು ತೋರಿಸುವುದು ಸರಾಸರಿ, ಈ ಕೆಲಸಕ್ಕೆ ಅದು ದಂಡ. ಪಟ್ಟಿಯ ಒಳಭಾಗವನ್ನು ನೀರಿನಿಂದ ಒದ್ದೆ ಮಾಡದಿದ್ದರೆ ಗ್ರಾಫ್ ಕುಣಿಯುತ್ತದೆ.

2. ಬೆನ್ನಿಗೆ ಆಸರೆ ಕೊಟ್ಟು ಕುಳಿತುಕೊಳ್ಳಿ. ಮಾತು ಬೇಡ.

3. ನಿಮ್ಮ ಉಸಿರಿನ ಲಯ ಹುಡುಕಿ. ನಿಮಿಷಕ್ಕೆ 6.5, 6, 5.5, 5, 4.5 ಉಸಿರಿನಂತೆ ಒಂದೊಂದನ್ನೂ ಎರಡು ನಿಮಿಷ ನೋಡಿ. ಉಸಿರು ಎಳೆದಾಗ ಬಡಿತ ಏರಿ, ಬಿಟ್ಟಾಗ ಇಳಿಯುತ್ತದೆ. ಈ ಏರಿಳಿತ ಯಾವುದರಲ್ಲಿ ಅತಿ ದೊಡ್ಡದಾಗಿ, ನುಣುಪಾಗಿ ಬರುತ್ತದೋ ಅದೇ ನಿಮ್ಮ ಲಯ. ಆರು ಉಸಿರೆಂದರೆ 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ.

ಹೆಚ್ಚಿನವರು ಎಡವುವುದು ಇಲ್ಲೇ. ನಿಧಾನ ಎಂದೊಡನೆ ಎದೆ ತುಂಬ ಗಾಳಿ ಎಳೆಯುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು, ತುಟಿ ಜೋಮು ಹಿಡಿಯುತ್ತವೆ, ತಲೆ ತಿರುಗುತ್ತದೆ. ಎಫ್‌ಎನ್‌ಡಿ ಇರುವವರಿಗೆ ಇದು ಕಾಯಿಲೆಯ ಲಕ್ಷಣದಂತೆಯೇ ಅನಿಸಿ, ಗಾಬರಿಯಲ್ಲಿ ಸೆಳೆತ ಶುರುವಾಗಬಹುದು. ಆದ್ದರಿಂದ ಮೂಗಿನಿಂದಲೇ, ಸದ್ದಾಗದಷ್ಟು ಮೆಲ್ಲಗೆ ಎಳೆಯಿರಿ. ಹೊಟ್ಟೆಯ ಮೇಲಿಟ್ಟ ಕೈ ಸ್ವಲ್ಪ ಮೇಲೆದ್ದರೆ ಸಾಕು. ಜೋಮು ಬಂತೋ, ಎಂದಿನ ಉಸಿರಾಟಕ್ಕೆ ಮರಳಿ. ಮತ್ತೆ ಕೂತಾಗ ವೇಗ ಬದಲಿಸಬೇಡಿ, ಗಾಳಿಯ ಪ್ರಮಾಣ ಕಡಿಮೆ ಮಾಡಿ.

ಕಣ್ಣು ಪರದೆಯ ಅಲೆಯ ಮೇಲಿರಲಿ. ನಡುಗುವ ಕೈಯನ್ನು ಗಮನಿಸುತ್ತ ಕೂತರೆ ನಡುಕ ಹೆಚ್ಚುತ್ತದೆ. ಅಂಕ, ಪದಕ ಕೊಡುವ ಆ್ಯಪ್‌ಗಳನ್ನು ಅಳಿಸಿಬಿಡಿ. ಗೆಲ್ಲುವ ಹಟ ಬಂದರೆ ಅಲೆ ಹಾಳು. ಗ್ರಾಫ್‌ನಲ್ಲಿ ಒಂಟಿ ಮೊನೆ ಎದ್ದರೆ ಅದು ಮೈ ಅಲುಗಿದ್ದರಿಂದ ಇರಬಹುದು, ತಪ್ಪಿದ ಬಡಿತವೂ ಇರಬಹುದು. ಪದೇ ಪದೇ ಬಂದರೆ ವೈದ್ಯರಿಗೆ ತೋರಿಸಿ. ಪೇಸ್‌ಮೇಕರ್ ಅಥವಾ ಬಡಿತದ ಲಯದ ತೊಂದರೆ ಇರುವವರು ಮೊದಲೇ ಕೇಳಿಕೊಳ್ಳಿ. ಹೃದಯ ಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ಬಡಿತದ ಮಾದರಿಯನ್ನೇ ಬದಲಿಸುತ್ತದೆ, ಹಾಗೆಂದು ಮಾತ್ರೆ ಬಿಡಬೇಡಿ.

4. ಐದು ನಿಮಿಷದಿಂದ ಆರಂಭಿಸಿ, ದಿನಕ್ಕೆರಡು ಬಾರಿ 20 ನಿಮಿಷಕ್ಕೆ ಏರಿಸಿ.

5. ಆರಾಮವಾಗಿರುವಾಗ ಲಯ ಕೈವಶವಾದ ಮೇಲಷ್ಟೇ ಸೆಳೆತದ ಮುನ್ಸೂಚನೆ ಕಂಡಾಗ ಬಳಸಿ. ಆಗ ಪಟ್ಟಿ, ಫೋನು ಹುಡುಕುತ್ತ ನಿಲ್ಲಬೇಡಿ. ಮೊದಲು ಸುರಕ್ಷಿತವಾಗಿ ಕುಳಿತು, ಉಸಿರು ಎಳೆಯುವಾಗ ನಾಲ್ಕು, ಬಿಡುವಾಗ ಆರು ಎಣಿಸಲು ತೊಡಗಿ.